ಉಡಿ ತುಂಬಿ ಕಳಿಸಿದ ಬಳ್ಳಿ

ಸತ್ತಿಯ ರಾವಸಾಹೇಬನ ತೋಟದಿಂದ ದ್ರಾಕ್ಷಿ ಕಡ್ಡಿ ಹೊರಗೆ ಹೋಗಬೇಕಾದರೆ ಉಡಿ ತುಂಬಿಸಿಕೊಳ್ಳದೆ ಹೋಗುವಂತಿರಲಿಲ್ಲ. ಅದು ಅವನ ತಾಯಿ ಹಾಕಿಕೊಟ್ಟ ಪದ್ಧತಿ. ಬೀಗರೋ ಗೆಳೆಯರೋ ಬಂದು, "ನಿಮ್ಮ ಹಣ್ಣು ಭಾಳ ಸಿಹಿ ಅದಾವ್ರಿ, ನಮ್ಮ ಹೊಲಕ್ಕೂ ಒಂದಿಷ್ಟು ಕಡ್ಡಿ ಕೊಡ್ರಿ" ಅಂದರೆ, ಮುದುಕಿ ಕಡ್ಡಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಸುತ್ತಿದ್ದಳು. ಮೇಲೆ ಹಸಿರು ಕುಪ್ಪಸದ ಖಣ ಹೊದಿಸಿ, ಐದು ಹಿಡಿ ಅಕ್ಕಿ, ಅರಿಷಿಣದ ಕೊಂಬು, ಅಡಿಕೆ, ಕೊಬ್ಬರಿ ಬಟ್ಟಲು ಇಟ್ಟು ಗಂಟು ಹಾಕಿ, ಒಯ್ಯುವವರ ಕೈಯಲ್ಲಿ ಕೊಟ್ಟು ಹೇಳುತ್ತಿದ್ದಳು: "ಹೆಣ್ಣು ಕೊಟ್ಟೀವಿ. ಚಲೋ ನೋಡ್ಕೋರಿ."

ಮುದುಕಿ ಹೋದ ಮೇಲೆ ಆ ಕೆಲಸ ಸೊಸೆ ಅಕ್ಕವ್ವನದಾಯಿತು. ಯಾವ ವರ್ಷ ಯಾವ ಊರಿಗೆ ಕಡ್ಡಿ ಹೋಯಿತೆಂದು ಅವಳು ಎಲ್ಲೂ ಬರೆದಿಡಲಿಲ್ಲ. ಬೀಸುವ ಕಲ್ಲಿನ ಮುಂದೆ ಅವ್ವನ ತೊಡೆಯ ಮೇಲೆ ಮಲಗಿ ಹಾಡು ಕೇಳಿ ಬೆಳೆದವಳು. ನೆನಪಿಡಬೇಕಾದದ್ದನ್ನೆಲ್ಲ ಹಾಡಿನೊಳಗೆ ಇಡುವುದು ಅವಳ ರೂಢಿ. ಒಂದೊಂದು ಗಂಟು ಹೋದಾಗಲೂ ಒಂದು ಸಾಲು ಕಟ್ಟಿದಳು.

ಹಿರಿಯಾಕಿ ಹೋಗ್ಯಾಳ ಅಥಣಿಯ ಹಾದೀಗಿ
ಎರಡನೆಯಾಕಿ ಕಾಗವಾಡ, ರಾಯಬಾಗ
ಸೇರ್ಯಾಳ ನಮ್ಮ ನಡುವಾಕಿ

ಹೀಗೆ ಅದು ಚಿಕ್ಕೋಡಿ ದಾಟಿ, ನಿಪ್ಪಾಣಿ ದಾಟಿ, ಗಡಿಯ ಕೊಗನೊಳ್ಳಿಯವರೆಗೆ ಹೋಗುತ್ತಿತ್ತು.

ಈಗ ತೋಟಕ್ಕೆ ಇಪ್ಪತ್ತೆರಡು ವರ್ಷ. ಬಳ್ಳಿ ಮುಪ್ಪಾಗಿದ್ದವು. ಬಳ್ಳಿಗಿಂತ ಮೊದಲು ರಾವಸಾಹೇಬನ ಬಲಭುಜ ಮುಪ್ಪಾಗಿತ್ತು. ದ್ರಾಕ್ಷಿಯ ಕೆಲಸವೆಂದರೆ ಚಪ್ಪರದ ಕೆಳಗೆ ದಿನವಿಡೀ ಕೈ ಎತ್ತಿ ನಿಲ್ಲುವ ಕೆಲಸ. ಚಾಟ್ನಿ, ಅಂದರೆ ವರ್ಷಕ್ಕೆರಡು ಸಲ ಕಡ್ಡಿ ಸವರುವುದು, ಅದನ್ನಂತೂ ಅವನು ಆಳಿನ ಕೈಗೆ ಬಿಟ್ಟವನೇ ಅಲ್ಲ. "ಎಲ್ಲಿ ಕತ್ತರಿ ಇಡಬೇಕನ್ನೂದು ಬಳ್ಳಿ ಸಾಕಿದಾಂವಗ ಅಷ್ಟ ಗೊತ್ತ" ಅನ್ನುವವನು. ಹೋದ ಬ್ಯಾಸಗಿಯಲ್ಲಿ ಆ ಭುಜ ಕಿವಿಯ ಮಟ್ಟಕ್ಕೂ ಏಳದಾಯಿತು. ಭಾದ್ರಪದ ಮುಗಿಯುವ ಹೊತ್ತಿಗೆ ಅವನು ತೀರ್ಮಾನಿಸಿಬಿಟ್ಟ: ಈ ಸಲದ ಚಾಟ್ನಿ ಇಲ್ಲ, ತೋಟ ಕಿತ್ತು ಕಬ್ಬು ಹಚ್ಚುವುದು. ಕಬ್ಬು ಕೈ ಎತ್ತು ಅನ್ನುವುದಿಲ್ಲ. ಊರಿನ ಮಾಯಪ್ಪನ ಜೆಸಿಬಿಗೆ ಸೋಮವಾರ ಬಾ ಎಂದು ಫೋನೂ ಆಯಿತು.

ಅಕ್ಕವ್ವ ಅಳಲಿಲ್ಲ, ಜಗಳವಾಡಲಿಲ್ಲ. ಶುಕ್ರವಾರ ಸಂಜೆ ಫೋನು ಹಿಡಿದು ಅವನ ಪಕ್ಕ ಬಂದು ಕುಳಿತಳು. ಕೊಲ್ಲಾಪುರಕ್ಕೆ ಕೊಟ್ಟ ಮಗಳು ಸ್ನೇಹಲ ಒಂದು ವಿಡಿಯೊ ಕಳಿಸಿದ್ದಳು. ಸ್ಪೇನ್ ದೇಶದಲ್ಲಿ ಗಂಡ ಹೆಂಡತಿ ಇಬ್ಬರು ಕಾರಿನಲ್ಲಿ ದ್ರಾಕ್ಷಿ ಸೀಮೆ ಸುತ್ತುತ್ತಿದ್ದರು. ಗುಡ್ಡದ ಮೇಲೆ ಹಳದಿ ಕಲ್ಲಿನ ಕೋಟೆ, ಕೆಳಗೆ ಬಾಚಣಿಗೆಯಿಂದ ಹಿಕ್ಕಿದ ಹಾಗೆ ಬಳ್ಳಿಯ ಸಾಲು.

"ಏನಲೇ ಇದು? ಚಪ್ಪರ ಇಲ್ಲ, ತಂತಿ ಇಲ್ಲ. ಬಳ್ಳಿ ಕೋಳಿ ಕುಂತಂಗ ನೆಲಕ್ಕ ಕುಂತಾವಲ್ಲ!" ಅಂದ ರಾವಸಾಹೇಬ.

"ಅವ್ನ ನೋಡಾಕ ಜಗತ್ತಿನ ಜನ ರೊಕ್ಕಾ ಕೊಟ್ಟ ಹೋಗ್ತಾರಂತ. ನಮ್ಮ ದ್ರಾಕ್ಷಿ ಊರ ನಾವ ನೋಡಿಲ್ರಿ."

"ನೋಡೂದೇನೈತಿ?"

"ನಮ್ಮ ಹುಡಿಗ್ಯಾರ ಮನಿ." ಅಕ್ಕವ್ವ ಫೋನು ಕೆಳಗಿಟ್ಟಳು. "ತವರ ಮುಳುಗೂಕಿಂತ ಮೊದಲ ಕೊಟ್ಟ ಹೆಣ್ಣುಮಕ್ಳಿಗೆ ಒಂದ ಮಾತ ಹೇಳಬೇಕಿಲ್ಲ? ನಾಳೆ, ನಾಡಿದ್ದು, ಎರಡ ದಿನ. ಕರ್ಕೊಂಡ ಹೋಗ್ರಿ."

ರಾವಸಾಹೇಬ ಫೋನು ಎತ್ತಿ ಆ ಬಳ್ಳಿಗಳನ್ನು ಇನ್ನೊಮ್ಮೆ ನೋಡಿದ. ಆಮೇಲೆ, ಹಟ ಮಾಡುವವರನ್ನು ಸಮಾಧಾನ ಮಾಡುವ ಧ್ವನಿಯಲ್ಲಿ ಅಂದ: "ಆತು. ಹೋದ ಮಾಘದಾಗ ಹಣ್ಣು ಕೊಟ್ಟ ಬಳ್ಳಿ, ನಮ್ಮ ಕಡ್ಡೀದು, ಒಂದ ಒಂದ ತೋರಸು. ಸೋಮವಾರ ಜೆಸಿಬಿ ಬರಂಗಿಲ್ಲ. ಸಿಗಲಿಲ್ಲಂದ್ರ ನೀ ತುಟಿ ಪಿಟಕ್ ಅನಬಾರದು."

"ಪಂಥ?"

"ಪಂಥ."

*

ಶನಿವಾರ ಬೆಳಿಗ್ಗೆ ಜೀಪು ಹೊರಟಾಗ ಹೊಳೆಯ ಕಡೆಯಿಂದ ಮಂಜು ಎದ್ದು ಕಬ್ಬಿನ ಮೇಲೆ ಹಾಸಿತ್ತು. ಅಕ್ಕವ್ವ ಇಳಕಲ್ ಸೀರೆ ಉಟ್ಟು, ರೊಟ್ಟಿ ಗಂಟು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಮೂಗೊರಸಿಕೊಳ್ಳಲು ವಸ್ತ್ರ ಹುಡುಕುತ್ತ ಮುಂದಿನ ಡಬ್ಬಿ ತೆಗೆದರೆ ಗಾಡಿಯ ಕಾಗದ, ಯಡೂರ ವೀರಭದ್ರನ ಭಂಡಾರದ ಪುಡಿಕೆ, ಅವುಗಳ ಕೆಳಗೆ ಚಾಟ್ನಿ ಕತ್ತರಿ. ಹೊಸದಾಗಿ ಎಣ್ಣೆ ಹಚ್ಚಿತ್ತು. ತೋಟವನ್ನೇ ಕೀಳುವವನು ಕತ್ತರಿಗೆ ಯಾಕೆ ಎಣ್ಣೆ ಹಚ್ಚಿದ? ಅವಳು ಕೇಳಲಿಲ್ಲ. ಡಬ್ಬಿ ಮುಚ್ಚಿ ಗಲ್ಲ ಗಲ್ಲ ಬಡಿದುಕೊಂಡು ವೀರಭದ್ರನಿಗೆ ಕೈ ಮುಗಿದಳು.

ಅಥಣಿಯ ಗಚ್ಚಿನ ಮಠದ ಮುಂದೆ ಜೀಪು ನಿಲ್ಲಿಸಿ, ಒಳಗೆ ಹೋಗಿ ತಂಪು ನೆಲಕ್ಕೆ ಹಣೆ ಮುಟ್ಟಿಸಿ ಬಂದರು. ಆಮೇಲೆ ಊರಾಚೆ, ರಾವಸಾಹೇಬನ ಹಳೆಯ ಗೆಳೆಯ ಕಾಕಾಸಾಹೇಬನ ತೋಟ. ಚಪ್ಪರ ಕಂಡದ್ದೇ ಅಕ್ಕವ್ವನ ಮುಖ ಅರಳಿತು. ಗಟ್ಟಿ ಬಳ್ಳಿ, ಅಗಲ ಎಲೆ, ಸಾಲು ಸಾಲು.

"ಹೋದ ಮಾಘದಾಗ ಹಣ್ಣ ಬಿಟ್ಟಾವೇನಣ್ಣಾ?" ಅಂದಳು, ಚಹಾ ಕೂಡ ಮುಟ್ಟದೆ.

"ಬಿಡದ ಏನ್ ವೈನಿ! ಬೆರಳುದ್ದ ಕರೇ ಹಣ್ಣು."

"ಕರೇವು?" ಅಂದ ರಾವಸಾಹೇಬ. "ನಮ್ದು ಬಿಳೇ ಹಣ್ಣಲ್ಲೋ ಮಾರಾಯಾ."

ಕಾಕಾಸಾಹೇಬ ನಾಲಗೆ ಕಚ್ಚಿಕೊಂಡ. ಆರು ವರ್ಷದ ಹಿಂದೆ ಕಾಂಡವನ್ನು ಮೊಣಕಾಲೆತ್ತರಕ್ಕೆ ಕೊಯ್ದು, ಅದರ ಮೇಲೆ ಹೊಸ ಜಾತಿಯ ಕಸಿ ಕಟ್ಟಿಸಿದ್ದ. "ಬುಡ ನಿಮ್ದ ಐತ್ರಿ ವೈನಿ, ತಲಿ ಅಷ್ಟ ಬ್ಯಾರೆ."

ಅಕ್ಕವ್ವ ಬಗ್ಗಿ ಕಾಂಡವನ್ನು ಮುಟ್ಟಿದಳು. ಮೊಣಕಾಲಿನವರೆಗೆ ಒಡೆದ ಒರಟು ತೊಗಟೆ, ಆಮೇಲೆ ಒಂದು ಗಂಟು, ಆಮೇಲೆ ನುಣುಪು. ಗಂಟಿನ ಕೆಳಗೆ ಅಂಗೈ ಇಟ್ಟು, "ಅರಾಮ ಅದೀಯೇನವಾ?" ಅಂದಳು ಮೆಲ್ಲಗೆ.

ಜೀಪು ಹತ್ತಿದ ಮೇಲೆ ರಾವಸಾಹೇಬ ನಕ್ಕ. "ಗಂಡನ ಮನಿ ಅಡ್ಡಹೆಸರ ಹಚ್ಚಿಕೊಂಡಾಳ ನಿನ್ನ ಮಗಳು. ಲೆಕ್ಕಕ್ಕಿಲ್ಲ."

"ಲೆಕ್ಕಕ್ಕಿಲ್ಲ" ಎಂದು ಅವಳೂ ಒಪ್ಪಿದಳು. ಪಂಥ ಅಂದರೆ ಪಂಥ.

ಕಾಗವಾಡದಲ್ಲಿ ತೋಟವೇ ಇರಲಿಲ್ಲ. ಕಡ್ಡಿ ಒಯ್ದಿದ್ದ ವಿಶ್ವಾಸ ಅನ್ನುವವನು ಬಳ್ಳಿ ತೆಗೆದು ಒಣದ್ರಾಕ್ಷಿ ಮಾಡುವ ಶೆಡ್ಡು ಕಟ್ಟಿದ್ದ. ಅವನು ಸಾಂಗಲಿಗೆ ಹೋಗಿದ್ದ. ಶೆಡ್ಡಿನ ಬಾಗಿಲು ತೆರೆದೇ ಇತ್ತು. ಹಂಗಾಮು ಅಲ್ಲ, ಒಳಗೆ ಯಾರೂ ಇಲ್ಲ. ಮೇಲಿನಿಂದ ಕೆಳಗೆ ಹನ್ನೊಂದು ಅಂತಸ್ತು ಹಸಿರು ಬಲೆ, ಎಲ್ಲ ಖಾಲಿ. ಬಿಸಿಲು ಬಲೆಯಿಂದ ಸೋಸಿ ಸೋಸಿ ಇಳಿಯುತ್ತಿತ್ತು. ಅದರ ನಡುವೆ ಅಕ್ಕವ್ವ ನೀರಿನ ತಳದಲ್ಲಿ ನಡೆದಂತೆ ನಡೆದಳು. ಎಂದೋ ಒಣಗಿದ ಹಣ್ಣಿನ ವಾಸನೆ ಇನ್ನೂ ಬಲೆಯಲ್ಲಿತ್ತು. ಕಣ್ಣು ಮುಚ್ಚಿದರೆ ಅಂತಸ್ತು ಅಂತಸ್ತಿನಲ್ಲೂ ಅತ್ತೆ ಕುಳಿತು ಅಕ್ಕಿ ಹಿಡಿ ಹಿಡಿ ತುಂಬುತ್ತಿದ್ದಾಳೆ ಅನಿಸಿತು. ಕಣ್ಣು ತೆರೆದರೆ ಗಂಡ ಹೊರಗೆ ನಿಂತು ಭುಜ ಒತ್ತಿಕೊಳ್ಳುತ್ತಿದ್ದ.

"ನೋಯ್ತೈತೇನ್ರಿ?"

"ಇಲ್ಲ. ಸುಮ್ನ."

ಊರೊಳಗಿನ ಬಸದಿಯ ನೆಲಮಾಳಿಗೆಗೆ ಇಳಿದು ತೀರ್ಥಂಕರನ ಮುಂದೆ ಸ್ವಲ್ಪ ಹೊತ್ತು ಕುಳಿತರು. ನಮ್ಮ ದೇವರಲ್ಲ ಅನ್ನುವ ಮಾತು ಇಬ್ಬರಿಗೂ ಹೊಳೆಯಲಿಲ್ಲ. ಕುಡಚಿಯ ಸೇತುವೆ ಕೆಳಗೆ ಕೃಷ್ಣೆ ತುಂಬಿ ಕೆಂಪಗೆ ಮಲಗಿದ್ದಳು. ಅಕ್ಕವ್ವ ಕಿಟಕಿಯಿಂದ ಅರಿಷಿಣ ಕುಂಕುಮ ಎಸೆದಳು. ಗಾಳಿ ಅರ್ಧವನ್ನು ರಾವಸಾಹೇಬನ ಅಂಗಿಗೇ ತಂದು ಹಾಕಿತು.

"ನನಗ ಉಡಿ ತುಂಬಾಕತ್ತಿ ಏನ?" ಅಂದ ಅವನು.

"ನಿಮ್ಮನ್ಯಾರು ಒಯ್ತಾರ್ರಿ, ಭುಜಾ ಮುರಕೊಂಡ ವರನ್ನ?"

ರಾಯಬಾಗದ ನಡುವಾಕಿ ಮುಗಳಖೋಡದ ದುಂಡೇಶನ ಹೊಲಕ್ಕೆ ಹೋಗಿದ್ದಳು. ದುಂಡೇಶ ಅಕ್ಕವ್ವನ ಸೋದರಮಾವನ ಮಗ. ಅವನ ಹೊಲದಲ್ಲಿ ಆಳೆತ್ತರಕ್ಕೂ ಮೀರಿದ ಕಬ್ಬು. ನಡುವೆ ಒಂದೇ ಒಂದು ಚಪ್ಪರದ ಕಬ್ಬಿಣದ ಕಂಬ ಉಳಿದಿತ್ತು; ಅದರ ತುದಿಗೆ ನೀಲಕಂಠ ಪಕ್ಷಿ ಕುಳಿತಿತ್ತು. ದುಂಡೇಶ ತಲೆ ಕೆರೆದುಕೊಂಡ. "ಕಬ್ಬಿಗೆ ಕಷ್ಟ ಇಲ್ಲಕ್ಕಾ. ಹಚ್ಚೂದು, ನೀರ ಬಿಡೂದು, ಮಲಗೂದು."

"ಕೇಳಿದ್ಯಾ?" ಅಂತ ರಾವಸಾಹೇಬ ಹೆಂಡತಿಯ ಕಡೆ ನೋಡಿದ. ಗೆದ್ದವನ ನೋಟ ಇರಬೇಕಿತ್ತು. ಇರಲಿಲ್ಲ. ಆ ಕಂಬವನ್ನೇ ನೋಡುತ್ತ ಬಹಳ ಹೊತ್ತು ನಿಂತ.

ಆ ದಿನ ದುಂಡೇಶನ ಮನೆಯಲ್ಲೇ ಉಂಡು ಮಲಗಿದರು. ಅಕ್ಕವ್ವನಿಗೆ ಬಿದ್ದ ಕನಸಿನಲ್ಲಿ ಬಳ್ಳಿಗಳೆಲ್ಲ ಹಸಿರು ಖಣ ತೊಟ್ಟು ರಸ್ತೆಯ ಎರಡೂ ಬದಿಗೆ ನಿಂತಿದ್ದವು. ಅವಳು ಒಂದೊಂದರ ಹೆಸರು ಹಿಡಿದು ಕೂಗಿದರೂ ಯಾರೂ ಓ ಅನ್ನಲಿಲ್ಲ.

*

ರವಿವಾರ ಚಿಕ್ಕೋಡಿಯಲ್ಲಿ ಇಳಿಯಬೇಕಾದದ್ದೇ ಇರಲಿಲ್ಲ. ತೋಟ ಇದ್ದ ಜಾಗದಲ್ಲಿ ಬಿಳಿ ಗೂಟ ನೆಟ್ಟು ಪ್ಲಾಟು ಮಾಡಿದ್ದರು. "ಗಾಳಿ ಬೆಳಕು ಚಲೋ ಐತಿ" ಅಂದ ರಾವಸಾಹೇಬ, ಏನಾದರೂ ಅನ್ನಬೇಕಲ್ಲ ಎಂದು. ಅಕ್ಕವ್ವ ರೊಟ್ಟಿ ಗಂಟು ಬಿಚ್ಚಿದಳು. ಜೀಪಿನೊಳಗೇ ಕುಳಿತು, ಮೊಸರು ಚಟ್ನಿ ಹಚ್ಚಿ, ಒಂದೇ ರೊಟ್ಟಿಯನ್ನು ಇಬ್ಬರೂ ಹರಿದು ತಿಂದರು. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಹೀಗೆ ಇಬ್ಬರೇ ಕುಳಿತು ಉಂಡದ್ದು ಅವಳಿಗೆ ನೆನಪಾಗಲಿಲ್ಲ. ಸೋಲುತ್ತಿದ್ದೇನೆ ಅಂತ ಗೊತ್ತಿದ್ದೂ ಆ ರೊಟ್ಟಿ ರುಚಿಯೆನಿಸಿತು. ಅದಕ್ಕೆ ಅವಳಿಗೆ ನಾಚಿಕೆಯೂ ಆಯಿತು.

"ಇನ್ನೂ ಒಂದ ಉಳದೈತಿ" ಅಂದಳು.

"ಕೊಗನೊಳ್ಳಿ? ಅದು ತೋಟ ಅಲ್ಲ. ಟೆಂಪೊ ಜ್ಞಾನದೇವ ಒಯ್ದದ್ದು ಒಂದ ಕಡ್ಡಿ."

"ಒಂದಾದ್ರೇನು, ಉಡಿ ತುಂಬಿ ಕಳಿಸೇನಿ."

ಜ್ಞಾನದೇವ ಹನ್ನೊಂದು ವರ್ಷದ ಹಿಂದೆ ಅವರ ಹಣ್ಣನ್ನು ಪೇಟೆಗೆ ಒಯ್ಯುತ್ತಿದ್ದ ಟೆಂಪೊದ ಡ್ರೈವರ. ಹೊಲವಿಲ್ಲದವನು, ಮನೆ ಮುಂದೆ ನೆರಳಿಗೆ ಅಂತ ಒಂದೇ ಕಡ್ಡಿ ಕೇಳಿದ್ದ. ಒಂದು ಕಡ್ಡಿಗೆ ಉಡಿ ಯಾಕೆ ಎಂದು ಆಳುಗಳೆಲ್ಲ ನಕ್ಕಿದ್ದರು. ಅಕ್ಕವ್ವ ಐದು ಹಿಡಿಯಲ್ಲಿ ಒಂದನ್ನೂ ಕಡಿಮೆ ಮಾಡಿರಲಿಲ್ಲ.

ನಿಪ್ಪಾಣಿಯಲ್ಲಿ ತಂಬಾಕಿನ ಘಾಟು ಜೀಪಿನೊಳಗೆ ಬಂದು ಕುಳಿತುಕೊಂಡಿತು. ದೇಸಾಯರ ವಾಡೆಯ ಹಳೆಯ ಗೋಡೆಯ ಮೇಲೆ ಪಾರಿವಾಳ ಎದ್ದವು. ಹೆದ್ದಾರಿ ಹಿಡಿದಾಗ ಅಕ್ಕವ್ವ ಹಾಡಿನ ಕಡೆಯ ಮೂರು ಸಾಲನ್ನು ಗಂಟಲೊಳಗೇ ಅಂದುಕೊಂಡಳು:

ಕಿರಿಯಾಕಿ ಕುಂತಾಳ ಕೊಗನೊಳ್ಳಿ ಗಡಿಯಾಗ
ತಿರುಗಿ ನೋಡ್ಯಾಳೊ ಇಲ್ಲವೊ, ತವರೂರ
ದಾರಿ ಮರತಾಳೊ ಮಗಳವ್ವ

ಊರೊಳಗೆ ಮನೆ ಕೇಳುವ ಕೆಲಸವೇ ಬೀಳಲಿಲ್ಲ. ಓಣಿಯ ಬಾಯಿಯಿಂದಲೇ ಹಸಿರು ಕಂಡಿತು. ಒಂದು ಪುಟ್ಟ ಹೆಂಚಿನ ಮನೆಯ ಅಂಗಳದಿಂದ ಎದ್ದ ಬಳ್ಳಿ ಆ ಮನೆಯ ಮಾಡು ಹತ್ತಿ, ಪಕ್ಕದ ಮನೆಯ ತಗಡಿನ ಪತ್ರಾ ಹತ್ತಿ, ಓಣಿಗೆ ಅಡ್ಡ ಕಟ್ಟಿದ ತಂತಿ ಹಿಡಿದು ಎದುರು ಮನೆಯ ನುಗ್ಗೆ ಮರಕ್ಕೂ ಹೋಗಿತ್ತು. ಇಡೀ ಓಣಿಯೇ ಅದರ ನೆರಳಿನಲ್ಲಿತ್ತು. ಕೆಳಗೆ ಕಟ್ಟೆಯ ಮೇಲೆ ಹೆಂಗಸರು ಕುಳಿತು ಅವರೆಕಾಯಿ ಬಿಡಿಸುತ್ತಿದ್ದರು. ಕಾಂಡ ಅಕ್ಕವ್ವನ ತೊಡೆಯಷ್ಟು ದಪ್ಪ. ಅದಕ್ಕೆ ಅರಿಷಿಣ ಬಳಿದಿತ್ತು, ಒಂದು ಹಸಿರು ಖಣ ಸುತ್ತಿತ್ತು.

ಅಕ್ಕವ್ವ ಜೀಪಿನಿಂದಿಳಿದು ಆ ಖಣವನ್ನು ಮುಟ್ಟಿ ನೋಡಿದಳು.

"ಯಾ, ಯಾ, ಬಸಾ" ಎಂದು ಕೂರಲು ಕರೆಯುತ್ತ ಎದ್ದು ಬಂದವಳು ಜ್ಞಾನದೇವನ ಹೆಂಡತಿ ತುಳಸವ್ವ. ಯಾರೆಂದು ತಿಳಿದದ್ದೇ ಅವಳು ಮರಾಠಿ ಬಿಟ್ಟು ಕನ್ನಡಕ್ಕೆ ಬಂದಳು. "ಅಗಬಾಯಿ! ಸತ್ತಿಯವರು? ತವರವರು ಬಂದಾರ ನೋಡವಾ!" ಇದು ಬಳ್ಳಿಗೆ ಹೇಳಿದ್ದು. ಒಳಗೆ ಓಡಿ ನೀರು ತಂದು ಇಬ್ಬರ ಕಾಲಿಗೂ ಹಾಕಿದಳು. ಜ್ಞಾನದೇವ ಕಡ್ಡಿ ತಂದ ವರ್ಷವೇ ಜ್ವರದಲ್ಲಿ ತೀರಿಹೋದನಂತೆ. ಅವಳು ತಂಬಾಕಿನ ವಖಾರಿಯಲ್ಲಿ ದುಡಿದು ಒಬ್ಬಳೇ ಬಾಳಿದವಳು.

ರಾವಸಾಹೇಬ ಕತ್ತೆತ್ತಿ ನೋಡುತ್ತಲೇ ಇದ್ದ. ಇಪ್ಪತ್ತೆರಡು ವರ್ಷ ಬಳ್ಳಿ ಕಂಡ ಕಣ್ಣು. "ಹೋದ ಮಾಘದಾಗ ಹಣ್ಣ ಬಿಟ್ಟಿತ್ತೇನಬೇ?" ಅಂದ ಕಡೆಗೆ.

ಅಕ್ಕವ್ವ ತುಳಸವ್ವನ ತುಟಿಯನ್ನೇ ನೋಡಿದಳು.

"ಹಣ್ಣು?" ತುಳಸವ್ವ ನಕ್ಕಳು. "ಇಲ್ಲ್ರಿ ಅಣ್ಣಾ. ಇದರ ಹಣೆಬರದಾಗ ಹಣ್ಣಿಲ್ಲ. ಹನ್ನೊಂದ ವರ್ಷದಾಗ ಒಂದ ಗೊಂಚಲ ಕಂಡಿಲ್ಲ. ನೆರಳ ಕೊಡತೈತಿ, ಸಾಕಲ್ಲ."

"ಚಾಟ್ನಿ ಯಾವಾಗ ಮಾಡಿದಿ?"

"ಚಾಟ್ನಿ ಅಂದ್ರ?"

"ಕಡ್ಡಿ ಸವರೂದು. ಕೊಯ್ಯೂದು."

ತುಳಸವ್ವನ ಮುಖ ಬದಲಾಯಿತು. ಕಾಂಡದ ಮೇಲೆ ಕೈ ಇಟ್ಟಳು. "ಎಂಥಾ ಮಾತ್ರಿ! ಉಡಿ ತುಂಬಿಸಿಕೊಂಡ ಬಂದ ಹೆಣ್ಣಿಗೆ ಕತ್ತರಿ ಹಚ್ಚೂದೇನ್ರಿ? ನಮ್ಮವರು ಗಂಟ ನನ್ನ ಕೈಯಾಗ ಕೊಟ್ಟು, ಸತ್ತಿ ಅಕ್ಕಾರು ಮಗಳನ್ನ ಕೊಟ್ಟಾರ, ಜ್ವಾಪಾನ ಅಂದ್ರು. ಒಂದ ಎಲಿ ಹರದಿಲ್ಲ ನಾ."

ಅಕ್ಕವ್ವ ಕಟ್ಟೆಯ ಮೇಲೆ ಕುಳಿತುಬಿಟ್ಟಳು. ಎಲ್ಲರೂ ಕೊಯ್ದರು, ಕಿತ್ತರು, ಮಾರಿದರು. ಕಾಪಾಡಿದವಳು ಇವಳೊಬ್ಬಳು; ಕತ್ತರಿ ಮುಟ್ಟದ ಬಳ್ಳಿ ಫಲ ಕೊಡುವುದಿಲ್ಲ, ಕಾಪಾಡಿದ್ದಕ್ಕೇ ಹಣ್ಣಿಲ್ಲ. ಅವಳೇ ಕಟ್ಟಿದ ಆ ಖಣದ ಗಂಟೇ ಬಳ್ಳಿಯ ಕೈ ಕಟ್ಟಿ ಹಾಕಿತ್ತು. ಪಂಥ ಸೋತಿತ್ತು. ತುಟಿ ಪಿಟಕ್ ಅನ್ನಬಾರದೆಂದು ಒಪ್ಪಿದವಳು, ಅನ್ನಲಿಲ್ಲ.

ರಾವಸಾಹೇಬ ಜೀಪಿನ ಕಡೆ ಹೋದ. ಹೊರಡೋಣ ಎನ್ನುತ್ತಾನೆ ಎಂದುಕೊಂಡಳು. ಅವನು ಡಬ್ಬಿ ತೆಗೆದು ಕತ್ತರಿ ಹಿಡಿದು ಬಂದ.

ತುಳಸವ್ವ ಬಳ್ಳಿಗೆ ಅಡ್ಡ ನಿಂತಳು. "ಬ್ಯಾಡ್ರಿ ಅಣ್ಣಾ. ಪಾಪ ಹತ್ತತೈತಿ."

ರಾವಸಾಹೇಬ ಹೆಂಡತಿಯ ಕಡೆ ನೋಡಿದ. ಅಕ್ಕವ್ವ ಎದ್ದು ಬಂದು ತುಳಸವ್ವನ ಕೈ ಹಿಡಿದಳು. "ತುಳಸವ್ವಾ, ನೀ ತವರಿಗೆ ಹೋದಾಗ ನಿಮ್ಮವ್ವ ಏನ ಮಾಡ್ತಿದ್ಳು?"

"ಏನ ಮಾಡ್ತಾಳ್ರಿ? ತಲಿಗೆ ಎಣ್ಣಿ ಹಚ್ಚಿ, ಸಿಕ್ಕ ಬಿಡಿಸಿ, ಜಗ್ಗಿ ಜಗ್ಗಿ ಹಿಕ್ತಿದ್ಳು."

"ನೋಯ್ತಿತ್ತಿಲ್ಲ?"

"ನೋಯ್ತಿತ್ತ್ರಿ."

"ಇದೂ ಅಷ್ಟ. ಹನ್ನೊಂದ ವರ್ಷ ತವರವರು ಬಂದಿಲ್ಲ, ತಲಿ ಸಿಕ್ಕಾಗೇತಿ. ಹಿಕ್ಕಿಸಿಕೊಳ್ಳಲಿ ಬಿಡವಾ."

ತುಳಸವ್ವ ಕಾಂಡದ ಮೇಲೆ ಒಮ್ಮೆ ಕೈಯಾಡಿಸಿದಳು. ಕಡೆಗೆ ಒಳಗೆ ಹೋಗಿ ಅರಿಷಿಣ ತಂದು ಕತ್ತರಿಯ ಅಲಗಿಗೆ ಹಚ್ಚಿ, ಪಕ್ಕಕ್ಕೆ ಸರಿದು ನಿಂತಳು.

ರಾವಸಾಹೇಬ ಸ್ಟೂಲು ಹತ್ತಿ ಕೈ ಎತ್ತಿದ. ಭುಜ ಕಿವಿಯವರೆಗೆ ಬಂದು ನಿಂತಿತು. ಹಲ್ಲು ಕಚ್ಚಿದ. ಬೆವರು ಬಂತು. ಕೈ ಏಳಲಿಲ್ಲ. ಓಣಿಯ ಹೆಂಗಸರೆಲ್ಲ ನೋಡುತ್ತಿದ್ದರು. ಅವನು ಕೆಳಗಿಳಿದು ತಲೆ ತಗ್ಗಿಸಿದ. ಕತ್ತರಿ ಕೈಯಲ್ಲೇ ಇತ್ತು.

"ಕೊಡ್ರಿ ಇಲ್ಲೆ" ಅಂದಳು ಅಕ್ಕವ್ವ.

ಅವಳು ಎಲೆ ಬಿಡಿಸಿದ್ದಳು, ಗೊಂಚಲು ತಿದ್ದಿದ್ದಳು, ತಂತಿಗೆ ಕಡ್ಡಿ ಕಟ್ಟಿದ್ದಳು. ಚಾಟ್ನಿ ಕತ್ತರಿ ಮಾತ್ರ ಎಂದೂ ಹಿಡಿದಿರಲಿಲ್ಲ, ಅವನು ಕೊಟ್ಟಿರಲಿಲ್ಲ. ಈಗ ಕೊಟ್ಟ. ಅವಳು ಸೆರಗು ಸಿಕ್ಕಿಸಿ ಸ್ಟೂಲು ಹತ್ತಿದಳು.

"ಎಲ್ಲಿ?"

"ಬಲಕಿನ ಕಡ್ಡಿ. ದಪ್ಪಂದಲ್ಲ, ಬೆರಳಗಾತ್ರದ್ದು. ಬುಡದಿಂದ ಕಣ್ಣ ಎಣಸು."

"ಒಂದು, ಎರಡು, ಮೂರು..."

"ಏಳನೇ ಕಣ್ಣ ದಾಟಿ ಇಡು. ಓರೆ. ಹಾಂ. ಇಡು ಈಗ."

ಕಟ್ ಅಂತ ಸಪ್ಪಳ. ತುಳಸವ್ವ ಕಣ್ಣು ಮುಚ್ಚಿಕೊಂಡಳು. ಕಡ್ಡಿ ಬಿದ್ದ ಜಾಗದಿಂದ ಅಂಗೈಯಗಲದ ಬಿಸಿಲು ಎಷ್ಟೋ ವರ್ಷದ ಮೇಲೆ ಮೊದಲ ಸಲ ಆ ಅಂಗಳಕ್ಕೆ ಇಳಿಯಿತು.

ಅವನು ಕೆಳಗಿನಿಂದ ಹೇಳುತ್ತ ಹೋದ, ಅವಳು ಮೇಲಿನಿಂದ ಎಣಿಸುತ್ತ ಹೋದಳು. ಎರಡು ಕಡೆ ತಪ್ಪಿದಳು, ಬೈಸಿಕೊಂಡಳು. "ಕಣ್ಣ ಎಲ್ಲಿಟ್ಟೀಯ ಲೇ?" "ನಿಮ್ಮ ಮ್ಯಾಲೆ ಇಟ್ಟೇನಿ, ಮತ್ತೆಲ್ಲಿ?" ಕಟ್ಟೆಯ ಹೆಂಗಸರು ಹೋ ಎಂದು ನಕ್ಕರು. ಆಮೇಲಾಮೇಲೆ ಎಣಿಕೆ ತಾನೇ ಹಾಡಿನ ಧಾಟಿ ಹಿಡಿಯಿತು. ಏಳಕ್ಕೊಂದು ಸಾಲು, ಸಾಲಿಗೊಂದು ಕತ್ತರಿ. ಅವಳಿಗೆ ಹೊತ್ತು ಹೋದದ್ದು ತಿಳಿಯಲಿಲ್ಲ. ತೋಳು ನೋಯುತ್ತಿತ್ತು, ಆದರೆ ಏಳುತ್ತಿತ್ತು. ಕೆಳಗೆ ಗಂಡನ ಧ್ವನಿ ಕೂಡ, ಬರಬರುತ್ತ, ಹಳೆಯ ರಾವಸಾಹೇಬನ ಧ್ವನಿಯಾಗುತ್ತಿತ್ತು.

ಓಣಿಯ ಮೇಲಿನ ನೆರಳನ್ನು ಅರ್ಧ ಉಳಿಸಿದರು. ಅಷ್ಟು ತುಳಸವ್ವನ ಮಾತಿಗೆ. ಕೊಯ್ದ ತುದಿಗಳಿಂದ ನೀರು ಹನಿ ಹನಿ ಜಿನುಗಿತು. "ಅಳಾಕತ್ತಾಳ" ಅಂದಳು ತುಳಸವ್ವ.

"ತಲಿ ಹಿಕ್ಕಿಸಿಕೊಂಡ ಯಾವಾಕಿ ಅತ್ತಿಲ್ಲ?" ಅಂದಳು ಅಕ್ಕವ್ವ.

ಬಿಸಿಲು ಇಳಿಯುವ ಹೊತ್ತಿಗೆ, ಚಹಾ ಕುಡಿದು, ಜೀಪಿನ ಹತ್ತಿರ ಬಂದು ರಾವಸಾಹೇಬ ಫೋನು ತೆಗೆದ.

"ಮಾಯಪ್ಪಾ, ನಾಳೆ ಬರಬ್ಯಾಡ... ಇಲ್ಲಪಾ, ಕೀಳೂದು ಬಿಟ್ಟಿಲ್ಲ. ಒಂದ ಪಂಥ ಐತಿ, ಅದು ಇನ್ನೂ ಮುಗದಿಲ್ಲ. ಕೊಗನೊಳ್ಳಿ ಬಳ್ಳಿ ಹಣ್ಣ ಬಿಡತೈತೋ ಇಲ್ಲೋ ಮಾಘಕ್ಕ ಗೊತ್ತಾಗತೈತಿ. ಅಲ್ಲಿಮಟ ನಾ ಕೀಳಂಗಿಲ್ಲ."

ಅಕ್ಕವ್ವ ಕೇಳಿಸದವಳಂತೆ ಕಿಟಕಿಯ ಹೊರಗೆ ನೋಡಿದಳು. ತುಳಸವ್ವ ಓಡಿ ಬಂದು ಒಂದು ಗಂಟು ಅವಳ ಮಡಿಲಿಗೆ ಹಾಕಿದಳು: ಐದು ಹಿಡಿ ಅಕ್ಕಿ, ಅರಿಷಿಣದ ಕೊಂಬು, ಅಡಿಕೆ, ಕೊಬ್ಬರಿ ಬಟ್ಟಲು. ಹನ್ನೊಂದು ವರ್ಷದ ಹಳೆಯ ಹಸಿರು ಖಣ, ಕಾಂಡದಿಂದ ಬಿಚ್ಚಿದ್ದು.

ಹೆದ್ದಾರಿಯಲ್ಲಿ ಬಹಳ ದೂರ ಬಂದ ಮೇಲೆ ರಾವಸಾಹೇಬ ಕೇಳಿದ: "ಕೈ ನೋಯ್ತೈತೇನ?"

"ಇಲ್ಲ. ಸುಮ್ನ."

"ನಮ್ದು ಮೂರ ಎಕರೆ ಐತಿ. ಒಬ್ಬಾಕಿಯಿಂದ ಆಗಂಗಿಲ್ಲ. ನಮ್ಮ ಓಣಿ ಹೆಣ್ಣಮಕ್ಕಳನ್ನ ಕರಕೋ. ನಾ ಕೆಳಗ ನಿಂತ ಹೇಳ್ತೇನಿ." ಸ್ವಲ್ಪ ತಡೆದು ಅಂದ, "ಮಾಘದ ಮಟ ಅಷ್ಟ ಮತ್ತ."

"ಹೌದ್ರಿ. ಮಾಘದ ಮಟ ಅಷ್ಟ" ಅಂದಳು ಅಕ್ಕವ್ವ, ಖಣದ ಗಂಟಿನ ಮೇಲೆ ಕೈಯಿಟ್ಟುಕೊಂಡು. ಮುಂದೆ ರಸ್ತೆಯ ಎರಡೂ ಬದಿಗೆ ಸಂಜೆಯ ಹಸಿರು ನಿಂತಿತ್ತು. ಅವಳು ತುಟಿ ಅಲುಗಿಸದೆ, ಒಂದರಿಂದ ಏಳರವರೆಗೆ, ಮತ್ತೆ ಒಂದರಿಂದ, ಎಣಿಸುತ್ತ ಬಂದಳು.